ಧಾರಣೆಯ ಚರಿತ್ರೆ ಯಾರ ಕೈಯಲ್ಲಿದೆ?



ನಿಮ್ಮ ಜಮೀನಿನ ಚರಿತ್ರೆ ಕೇಳಿದರೆ ಪಹಣಿ ತೆಗೆದು ತೋರಿಸುತ್ತೀರಿ. ಸಾಲದ ಚರಿತ್ರೆ ಕೇಳಿದರೆ ಬ್ಯಾಂಕಿನವರೇ ತೆಗೆದು ತೋರಿಸುತ್ತಾರೆ, ಒಂದು ಪೈಸೆಯೂ ತಪ್ಪದ ಹಾಗೆ. ಆದರೆ ನೀವು ಬೆಳೆದ ಬೆಳೆಯ ಧಾರಣೆಯ ಚರಿತ್ರೆ ಕೇಳಿದರೆ? "ಹೋದ ವರ್ಷ ಪರವಾಗಿರಲಿಲ್ಲ, ಅದರ ಹಿಂದಿನ ವರ್ಷ ಬಿದ್ದೇ ಹೋಗಿತ್ತು." ಇಷ್ಟೇ ನಮ್ಮ ಉತ್ತರ. ಇದು ಲೆಕ್ಕವಲ್ಲ ಸ್ವಾಮಿ, ನೆನಪು. ನೆನಪು ಜಗಲಿ ಕಟ್ಟೆಯ ಮೇಲೆ ನಡೆಯುತ್ತದೆ. ಬ್ಯಾಂಕ್ ಮ್ಯಾನೇಜರ ಮುಂದೆ ನಡೆಯುವುದಿಲ್ಲ, ಜಿಲ್ಲಾಧಿಕಾರಿಗಳ ಸಭೆಯಲ್ಲಂತೂ ನಡೆಯುವುದೇ ಇಲ್ಲ.

ನಮ್ಮ ಎದುರು ಕೂತವನ ಕೈಯಲ್ಲಿ ಏನಿದೆ ನೋಡಿ. ದೊಡ್ಡ ರಫ್ತುದಾರನಿಗೆ ಮೂವತ್ತು ವರ್ಷದ ಧಾರಣೆ ತಿಂಗಳುವಾರು ಗೊತ್ತು. ಯಾವ ತಿಂಗಳಲ್ಲಿ ಮಾಲು ನುಗ್ಗುತ್ತದೆ, ಯಾವ ವರ್ಷ ಬ್ರೆಜಿಲಿನಲ್ಲಿ ಹಿಮ ಬಿತ್ತು, ಆಗ ಧಾರಣೆ ಎಷ್ಟು ಏರಿತು, ಎಷ್ಟು ದಿನ ನಿಂತಿತು, ಎಲ್ಲವೂ ಅವನ ಕಂಪ್ಯೂಟರಿನಲ್ಲಿದೆ. ನಾವು ಮೂಟೆ ಇಳಿಸಿ "ಇವತ್ತು ಎಷ್ಟು?" ಅಂತ ಕೇಳುತ್ತೇವೆ. ಅವನು ಇವತ್ತಿನದ್ದು ಹೇಳುತ್ತಾನೆ, ಮೂವತ್ತು ವರ್ಷದ್ದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಈ ವ್ಯಾಪಾರದಲ್ಲಿ ಸೋಲುವವರು ಯಾರು ಅಂತ ಪಂಚಾಂಗ ನೋಡಿ ಹೇಳಬೇಕಾಗಿಲ್ಲ.

ಈಗ ನಾನು ಹೇಳಹೊರಟಿರುವುದು ಇಷ್ಟು. ಅವನ ಜೇಬಿನಲ್ಲಿರುವ ಆ ಲೆಕ್ಕದ ಬಹುಪಾಲು ಗುಟ್ಟಿನದಲ್ಲ. ಪುಕ್ಕಟೆಯಾಗಿ ಬಯಲಿನಲ್ಲಿದೆ. ಅದನ್ನು ತರಿಸಿಕೊಳ್ಳುವ ದಾರಿ ಮೂರು ಸಾಲಿನದ್ದು. ಆ ಮೂರು ಸಾಲನ್ನು ನಮ್ಮ ಹಳ್ಳಿಯ ಓದಿದ ಮಕ್ಕಳು ಕಲಿಯಬೇಕು, ಕಲಿತು ನಮ್ಮ ಸಂಘಟನೆಯ ಕೈಗೆ ಕೊಡಬೇಕು. ನನ್ನ ಓದು ಹಳ್ಳಿಯ ಹೈಸ್ಕೂಲಿಗೆ ಮುಗಿಯಿತು. ಅಣ್ಣನ ಮಗ ಪಕ್ಕದಲ್ಲಿ ಕೂತು ತೋರಿಸಿದ, ನನಗೂ ತಿಳಿಯಿತು. ನನಗೆ ತಿಳಿದದ್ದು ನಿಮಗೆ ತಿಳಿಯದೆ ಇರುತ್ತದೆಯೇ?

ಆ ಉಗ್ರಾಣ ಎಲ್ಲಿದೆ?

ಅಮೆರಿಕದ ಮಿಸ್ಸಿಸಿಪ್ಪಿ ನದಿಯ ದಂಡೆಯ ಮೇಲೆ ಸೇಂಟ್ ಲೂಯಿಸ್ ಅಂತ ಒಂದು ಪಟ್ಟಣ. ನಮ್ಮ ರಿಸರ್ವ್ ಬ್ಯಾಂಕಿದ್ದ ಹಾಗೆ ಅವರದ್ದು ಫೆಡರಲ್ ರಿಸರ್ವ್. ಅದಕ್ಕೆ ಸೇರಿದ 12 ಪ್ರಾಂತೀಯ ಬ್ಯಾಂಕುಗಳಲ್ಲಿ ಒಂದು ಆ ಪಟ್ಟಣದಲ್ಲಿದೆ. ಆ ಬ್ಯಾಂಕು 1991ರಿಂದ ಒಂದು ಅಂಕಿ ಅಂಶಗಳ ಉಗ್ರಾಣ ನಡೆಸುತ್ತಾ ಬಂದಿದೆ. ಅದರ ಹೆಸರು ಫ್ರೆಡ್. ಇವತ್ತು ಅದರೊಳಗೆ 8 ಲಕ್ಷಕ್ಕೂ ಹೆಚ್ಚು ಕಾಲಸರಣಿಗಳಿವೆ. ಕಾಲಸರಣಿ ಅಂದರೆ ಗಾಬರಿ ಬೇಡ. ಒಂದು ಕಡೆ ತಾರೀಖು, ಇನ್ನೊಂದು ಕಡೆ ಅಂಕಿ, ಸಾಲಾಗಿ ಬರೆದದ್ದು. ನಿಮ್ಮ ಮನೆಯ ಹಾಲಿನ ಡೈರಿಯ ಪುಸ್ತಕ ಕೂಡ ಕಾಲಸರಣಿಯೇ.

ಅಮೆರಿಕದ ಉಗ್ರಾಣದಲ್ಲಿ ನಮಗೇನು ಕೆಲಸ ಅನ್ನುತ್ತೀರಾ? ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರನ್ನು ಕೇಳಿ. ನಮ್ಮ ರೋಬಸ್ಟಾದ ಧಾರಣೆ ತೀರ್ಮಾನವಾಗುವುದು ಮೂಡಿಗೆರೆಯಲ್ಲೂ ಅಲ್ಲ, ಕುಶಾಲನಗರದಲ್ಲೂ ಅಲ್ಲ. ಲಂಡನ್ನಿನಲ್ಲಿ. ಅರೇಬಿಕಾದ್ದು ನ್ಯೂಯಾರ್ಕಿನಲ್ಲಿ. ಆ ಪೇಟೆ ಏರಿದರೆ ಇಲ್ಲಿ ಏರುತ್ತದೆ, ಇಳಿದರೆ ಇಲ್ಲಿ ಇನ್ನೂ ಬೇಗ ಇಳಿಯುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿ ಪ್ರತಿ ತಿಂಗಳು ಪ್ರಕಟಿಸುವ ಸರಕುಗಳ ಜಾಗತಿಕ ಧಾರಣೆ ಫ್ರೆಡ್ಡಿನಲ್ಲಿ 1990ರ ದಶಕದ ಆರಂಭದಿಂದ ಇದೆ. ಕಾಫಿ ಮಾತ್ರವಲ್ಲ, ಮೆಕ್ಕೆಜೋಳ, ಹತ್ತಿ, ಸಕ್ಕರೆ, ರಬ್ಬರ್, ತಾಳೆ ಎಣ್ಣೆ, ಸೂರ್ಯಕಾಂತಿ ಎಣ್ಣೆ ಎಲ್ಲವೂ ಇವೆ. ರೂಪಾಯಿಗೂ ಡಾಲರಿಗೂ ಇರುವ ವಿನಿಮಯ ದರ 1973ರಿಂದ ದಿನವಾರು ಇದೆ. ರಾಗಿ, ತೊಗರಿ, ಅಡಿಕೆ ಆ ಜಾಗತಿಕ ಪಟ್ಟಿಯಲ್ಲಿ ಇಲ್ಲ. ಅದರ ಮಾತು ಆಮೇಲೆ ಹೇಳುತ್ತೇನೆ.

ಅರ್ಜಿ ಬರೆಯುವವನು

ತಾಲ್ಲೂಕು ಕಚೇರಿಯ ಮುಂದೆ ಮರದ ಕೆಳಗೆ ಅರ್ಜಿ ಬರೆಯುವವನು ಕೂತಿರುವುದನ್ನು ನೀವು ನೋಡಿದ್ದೀರಿ. ಯಾವ ನಮೂನೆ, ಯಾವ ಸ್ಟಾಂಪು, ಯಾವ ಕಿಟಕಿ, ಅವನಿಗೆ ಗೊತ್ತು. ನೀವು ಸರ್ವೆ ನಂಬರ್ ಹೇಳಿದರೆ ಸಾಕು, ನಕಲು ತಂದು ಕೈಗಿಡುತ್ತಾನೆ.

ಕಂಪ್ಯೂಟರಿನಲ್ಲಿ ಪೈಥಾನ್ ಅಂತ ಒಂದು ಭಾಷೆ ಇದೆ. 1991ರಲ್ಲಿ ಹೊರಬಂದದ್ದು. ಹೆಬ್ಬಾವಿಗೂ ಅದಕ್ಕೂ ಸಂಬಂಧವಿಲ್ಲ, ಇಂಗ್ಲೆಂಡಿನ ಒಂದು ನಗೆನಾಟಕದ ತಂಡದ ಹೆಸರನ್ನು ಅದಕ್ಕೆ ಇಟ್ಟರು. ಈ ಭಾಷೆಯಲ್ಲಿ ಯಾರೋ ಮೊದಲೇ ಬರೆದಿಟ್ಟ ಕೆಲಸದ ಕಂತೆಗೆ ಲೈಬ್ರರಿ ಅನ್ನುತ್ತಾರೆ. ಫ್ರೆಡ್ ಉಗ್ರಾಣಕ್ಕೆ ಹೋಗಿ ಬರುವ ಅಂಥ ಒಂದು ಲೈಬ್ರರಿಯ ಹೆಸರು ಫ್ರೆಡ್‌ಎಪಿಐ. ಇದು ಆ ಬ್ಯಾಂಕಿನವರು ಮಾಡಿದ್ದಲ್ಲ. ಹೊರಗಿನವರು ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟದ್ದು. ನಮ್ಮ ಅರ್ಜಿ ಬರೆಯುವವನು ಇವನೇ. ಲಂಚ ಕೇಳುವುದಿಲ್ಲ, "ನಾಳೆ ಬಾ" ಅನ್ನುವುದಿಲ್ಲ.

ಮೊದಲು ಆ ಬ್ಯಾಂಕಿನ ತಾಣದಲ್ಲಿ ಹೆಸರು ನೋಂದಾಯಿಸಿ ಒಂದು ಕೀಲಿ ಪಡೆಯಬೇಕು. ಅಕ್ಷರ ಅಂಕಿ ಸೇರಿ 32 ಇರುತ್ತವೆ. ಕಾಸು ಕೊಡಬೇಕಾಗಿಲ್ಲ. ಆಮೇಲೆ ಮೂರೇ ಸಾಲು. ಲೈಬ್ರರಿಯನ್ನು ಕರೆ, ಅದಕ್ಕೆ ಕೀಲಿ ಕೊಡು, "ಗೆಟ್ ಸೀರೀಸ್" ಅಂತ ಹೇಳಿ ಸರಣಿಯ ನಂಬರ್ ಕೊಡು. ಪ್ರತಿ ಸರಣಿಗೂ ಸರ್ವೆ ನಂಬರಿನಂತೆ ಒಂದು ಗುರುತಿದೆ. ರೂಪಾಯಿ ಡಾಲರಿನ ಸರಣಿಗೆ ಡಿ ಇ ಎಕ್ಸ್ ಐ ಎನ್ ಯು ಎಸ್. ಗುರುತು ಗೊತ್ತಿಲ್ಲವೇ? "ಸರ್ಚ್" ಅಂತ ಹೇಳಿ ಕಾಫಿ ಅಂತ ಇಂಗ್ಲಿಷಿನಲ್ಲಿ ಬರೆದರೆ ಕಾಫಿಗೆ ಸೇರಿದ ಸರಣಿಗಳ ಪಟ್ಟಿಯನ್ನೇ ಮುಂದಿಡುತ್ತದೆ. ಹೆಸರು, ಅಳತೆ, ದಿನವಾರೋ ತಿಂಗಳುವಾರೋ ಎಲ್ಲ ಅದರಲ್ಲೇ ಇರುತ್ತದೆ.

ಕೀಲಿಯ ಬಗ್ಗೆ ಒಂದು ಮಾತು. ಅದನ್ನು ಬರೆದ ಕೆಲಸದ ಒಳಗೇ ಅಂಟಿಸಿ ಹತ್ತು ಜನಕ್ಕೆ ಹಂಚಬೇಡಿ. ಸಹಿ ಹಾಕಿದ ಖಾಲಿ ಚೆಕ್ಕು ಹಂಚಿದ ಹಾಗೆ ಆಗುತ್ತದೆ. ಬೇರೆ ಕಡತದಲ್ಲಿಟ್ಟು ಅಲ್ಲಿಂದ ಓದಿಸುವ ಏರ್ಪಾಡು ಈ ಲೈಬ್ರರಿಯಲ್ಲೇ ಇದೆ.

ಅಂಕಿ ಬಂತು, ಇನ್ನು ಮೋಸ ಹೋಗಬೇಡಿ

ಅಂಕಿ ತರಿಸುವುದು ಸುಲಭ. ಓದುವಾಗ ಎಡವುವ ಜಾಗ ನಾಲ್ಕಿವೆ. ಎಡವಿದರೆ ಎದುರಿನವನು ಸಭೆಯಲ್ಲಿ ನಮ್ಮನ್ನು ನಗೆಪಾಟಲು ಮಾಡುತ್ತಾನೆ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

ಒಂದು, ಅಳತೆ. ಅಲ್ಲಿ ಕಾಫಿಯ ಧಾರಣೆ ಒಂದು ಪೌಂಡ್ ಬೀಜಕ್ಕೆ ಇಷ್ಟು ಅಮೆರಿಕನ್ ಸೆಂಟು ಅಂತ ಇರುತ್ತದೆ. ನಮ್ಮದು 50 ಕೆ.ಜಿ. ಚೆರಿ ಮೂಟೆಗೆ ಇಷ್ಟು ರೂಪಾಯಿ. ಉದಾಹರಣೆಗೆ ಪೌಂಡಿಗೆ 200 ಸೆಂಟು ಅಂತ ಇಟ್ಟುಕೊಳ್ಳಿ, ಅಂದರೆ 2 ಡಾಲರ್. ಒಂದು ಕೆ.ಜಿ.ಗೆ 2.2046 ಪೌಂಡು, ಆದ್ದರಿಂದ ಕೆ.ಜಿ.ಗೆ 4.41 ಡಾಲರ್. ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ ಕೆ.ಜಿ. ಬೀಜಕ್ಕೆ ಸುಮಾರು 375 ರೂಪಾಯಿ. ನಿಮ್ಮ ಮೂಟೆಯ ಔಟ್‌ಟರ್ನ್ 27 ಇದ್ದರೆ, ಅಂದರೆ 50 ಕೆ.ಜಿ. ಚೆರಿಯಲ್ಲಿ 27 ಕೆ.ಜಿ. ಬೀಜ ಬಂದರೆ, ಮೂಟೆಗೆ ಸುಮಾರು 10,100 ರೂಪಾಯಿ. ಇದು ಜಾಗತಿಕ ಧಾರಣೆಯ ಲೆಕ್ಕದಲ್ಲಿ ನಿಮ್ಮ ಮೂಟೆಯ ಬೆಲೆ. ಇದರಲ್ಲಿ ಕ್ಯೂರಿಂಗ್ ಖರ್ಚು, ಸಾಗಾಣಿಕೆ, ಹಡಗಿನ ಬಾಡಿಗೆ, ರಫ್ತುದಾರನ ಲಾಭ ಕಳೆಯಬೇಕು. ಕಳೆದು ಉಳಿದದ್ದಕ್ಕೂ ನಿಮ್ಮ ಕೈಗೆ ಬಂದದ್ದಕ್ಕೂ ಎಷ್ಟು ಅಂತರ? ಕೇಳಬೇಕಾದ ಪ್ರಶ್ನೆ ಅದು. ಅಂತರವೆಲ್ಲ ಕಳ್ಳತನ ಅಂತ ಕೂಗಬೇಡಿ. ಯಾವ ವರ್ಷ ಅಂತರ ಹಿಗ್ಗಿತು, ಯಾಕೆ ಹಿಗ್ಗಿತು ಅಂತ ಕೇಳಿ. ಕೂಗಿದರೆ ತಪ್ಪಿಸಿಕೊಳ್ಳುತ್ತಾರೆ, ಲೆಕ್ಕ ಕೇಳಿದರೆ ಬೆವರುತ್ತಾರೆ.

ಎರಡು, ತಾರೀಖು. ತಿಂಗಳ ಸರಣಿಯಲ್ಲಿ ಸೆಪ್ಟೆಂಬರ್ 1 ಅಂತ ಬರೆದಿರುತ್ತದೆ. ಅದು ಒಂದನೇ ತಾರೀಖಿನ ಧಾರಣೆಯಲ್ಲ, ಇಡೀ ತಿಂಗಳ ಸರಾಸರಿ. ವಿನಿಮಯ ದರವೋ ದಿನವಾರು. ಎರಡನ್ನೂ ಹಾಗೇ ಗುಣಿಸಿದರೆ ಒಂದನೇ ತಾರೀಖು ಮಾತ್ರ ಕೂಡಿಕೊಂಡು ಉಳಿದ ದಿನವೆಲ್ಲ ಖಾಲಿ ಬೀಳುತ್ತದೆ. ಒಂದನೇ ತಾರೀಖು ಭಾನುವಾರವಾದರೆ ಅದೂ ಇಲ್ಲ. ಮೊದಲು ದಿನದ ದರವನ್ನು ತಿಂಗಳ ಸರಾಸರಿಗೆ ಇಳಿಸಿ, ಆಮೇಲೆ ಗುಣಿಸಬೇಕು. ಪಾಂಡಾಸ್ ಅಂತ ಇನ್ನೊಂದು ಲೈಬ್ರರಿ ಇದೆ, ಅದು ಒಂದೇ ಸಾಲಿನಲ್ಲಿ ಈ ಕೆಲಸ ಮಾಡುತ್ತದೆ.

ಮೂರು, ಖಾಲಿ ಮನೆ. ರಜದ ದಿನ ದರ ಇರುವುದಿಲ್ಲ. ಉಗ್ರಾಣದವರು ಅಲ್ಲಿ ಒಂದು ಚುಕ್ಕಿ ಇಟ್ಟಿರುತ್ತಾರೆ, ಲೈಬ್ರರಿ ಅದನ್ನು "ಅಂಕಿ ಇಲ್ಲ" ಅಂತ ಓದುತ್ತದೆ. ಇಲ್ಲ ಅನ್ನುವುದು ಬೇರೆ, ಸೊನ್ನೆ ಅನ್ನುವುದು ಬೇರೆ. ಮಂಡಿಯಲ್ಲಿ ಐದು ದಿನದಲ್ಲಿ ಎರಡು ದಿನ ಆವಕವೇ ಇಲ್ಲ, ಉಳಿದ ಮೂರು ದಿನ ಕ್ವಿಂಟಾಲಿಗೆ 2,000 ಅಂತ ಹಿಡಿಯಿರಿ. ಸರಿಯಾದ ಸರಾಸರಿ 2,000. ಖಾಲಿಯನ್ನು ಸೊನ್ನೆ ಮಾಡಿ ಕೂಡಿದರೆ ಸರಾಸರಿ 1,200! ಒಂದು ಚುಕ್ಕಿಯನ್ನು ತಪ್ಪು ಓದಿದರೆ ಎಂಟುನೂರು ರೂಪಾಯಿ ಮಾಯ. ಕಚೇರಿಯಿಂದ ಬರುವ ಸರಾಸರಿಗಳನ್ನು ಕಂಡಾಗ ಈ ಪ್ರಶ್ನೆ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ನಾಲ್ಕು, ತಿದ್ದುಪಡಿ. ಸರ್ಕಾರಗಳು ಮೊದಲು ಒಂದು ಅಂಕಿ ಹೇಳುತ್ತವೆ, ಆರು ತಿಂಗಳ ಮೇಲೆ ತಿದ್ದುತ್ತವೆ. ತಿದ್ದುವುದು ತಪ್ಪಲ್ಲ, ಲೆಕ್ಕ ಪೂರ್ತಿಯಾದಾಗ ತಿದ್ದಲೇಬೇಕು. ಹಳೆಯದನ್ನು ಅಳಿಸುವುದು ತಪ್ಪು. ಆ ಬ್ಯಾಂಕಿನವರು ಹಳೆಯ ಅಂಕಿಗಳನ್ನೂ ಇಟ್ಟಿದ್ದಾರೆ. ಇಂಥ ತಾರೀಖಿನ ದಿನ ಲೋಕಕ್ಕೆ ಗೊತ್ತಿದ್ದ ಅಂಕಿ ಯಾವುದು ಅಂತ ಈ ಲೈಬ್ರರಿಯನ್ನು ಕೇಳಿದರೆ ತಂದುಕೊಡುತ್ತದೆ. ಮೊದಲ ಪ್ರಕಟಣೆ ಯಾವುದು, ಕೊನೆಯದು ಯಾವುದು, ಎರಡೂ ಸಿಗುತ್ತವೆ. ಮ್ಯುಟೇಷನ್ ಪುಸ್ತಕದಲ್ಲಿ ಹಳೆಯ ಹೆಸರೂ ಇರಬೇಕು, ಹೊಸ ಹೆಸರೂ ಇರಬೇಕು ಅನ್ನುವ ರೈತನಿಗೆ ಇದರ ಬೆಲೆ ಬೇರೆಯವರು ಹೇಳಿಕೊಡಬೇಕೆ?

ಸಾಲವನ್ನು ಮೂಟೆಯಲ್ಲಿ ಅಳೆಯಿರಿ

ಇಷ್ಟೆಲ್ಲ ಯಾಕೆ? ಸಾಲದ ಕಾರಣಕ್ಕೆ.

ಕಾಫಿಯ ಸರಣಿಯನ್ನು ಗೆರೆ ಎಳೆದು ನೋಡಿ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿತ್ತು. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 3 ಡಾಲರ್ ದಾಟಿತು. ಆ ಏರಿಕೆಯ ಕಾಲದಲ್ಲಿ ಎಷ್ಟು ಜನ ಸಾಲ ಎತ್ತಿ ತೋಟ ವಿಸ್ತರಿಸಿದರು! ವಿಯೆಟ್ನಾಂನಲ್ಲೂ ಗಿಡ ನೆಟ್ಟರು, ಬ್ರೆಜಿಲಿನಲ್ಲೂ ನೆಟ್ಟರು. 2001ರ ಕೊನೆಗೆ ರೋಬಸ್ಟಾ ಪೌಂಡಿಗೆ 30 ಸೆಂಟಿಗೂ ಕೆಳಗೆ ಕುಸಿಯಿತು. ಧಾರಣೆ ಕುಸಿಯಿತು, ಸಾಲ ಕುಸಿಯಲಿಲ್ಲ. ಅದು ಬಡ್ಡಿ ಸೇರಿ ಬೆಳೆಯಿತು. ಕೊನೆಗೆ 2010ರಲ್ಲಿ ಕೇಂದ್ರ ಸರ್ಕಾರ ಕಾಫಿ ಸಾಲ ಪರಿಹಾರದ ಪ್ಯಾಕೇಜು ತರಬೇಕಾಯ್ತು. ಹತ್ತಿರ ಹತ್ತಿರ ಹತ್ತು ವರ್ಷ ಮನೆಗಳು ಆ ಭಾರ ಹೊತ್ತವು.

ಆಮೇಲೆ 2024 ಬಂತು. ವಿಯೆಟ್ನಾಂನಲ್ಲಿ ಬರ, ಲಂಡನ್ನಿನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಮತ್ತೆ ಹಬ್ಬ, ಮತ್ತೆ ಸಾಲದ ಮೇಳ. ಧಾರಣೆ ಏರಿದಾಗ ಬ್ಯಾಂಕಿನ ಬಾಗಿಲು ಅಗಲವಾಗಿ ತೆರೆಯುತ್ತದೆ, ಇಳಿದಾಗ ಜಪ್ತಿ ನೋಟೀಸು ಬರುತ್ತದೆ.

ಆದ್ದರಿಂದ ನನ್ನ ಮಾತು ಕೇಳಿ. ಸಾಲವನ್ನು ರೂಪಾಯಿಯಲ್ಲಿ ಅಳೆಯಬೇಡಿ, ಮೂಟೆಯಲ್ಲಿ ಅಳೆಯಿರಿ. 5 ಲಕ್ಷ ಸಾಲ ಅಂದರೆ ಮೂಟೆಗೆ 10,000 ಇರುವಾಗ 50 ಮೂಟೆ. ಧಾರಣೆ 4,000ಕ್ಕೆ ಇಳಿದರೆ ಅದೇ ಸಾಲ 125 ಮೂಟೆ, ಬಡ್ಡಿ ಬಿಟ್ಟು. ತೋಟ ಅದೇ, ಗಿಡ ಅದೇ, ಸಹಿ ಹಾಕಿದ ಕೈ ಅದೇ. ಸಾಲ ಮಾತ್ರ ಎರಡೂವರೆ ಪಟ್ಟು. ಈ ಭಾಗಾಕಾರ ಮಾಡಲು ಸರಣಿ ಬೇಕು. ಇವತ್ತಿನ ಒಂದು ಧಾರಣೆ ಇಟ್ಟುಕೊಂಡು ಸಾಲ ಎತ್ತುವವನು ಹೊಳೆಯ ಆಳ ಬೇಸಿಗೆಯಲ್ಲಿ ನೋಡಿ ಮಳೆಗಾಲದಲ್ಲಿ ಇಳಿದ ಹಾಗೆ.

ಮತ್ತೂ ಒಂದು. 2001ರ 30 ಸೆಂಟನ್ನೂ 2024ರ ಸೆಂಟನ್ನೂ ಹಾಗೇ ಪಕ್ಕದಲ್ಲಿಡುವುದು ನ್ಯಾಯವಲ್ಲ. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕವೂ ಅದೇ ಉಗ್ರಾಣದಲ್ಲಿದೆ. ಆ ಲೆಕ್ಕದಲ್ಲಿ 2001ರ 30 ಸೆಂಟು 2024ರ ಸುಮಾರು 53 ಸೆಂಟಿಗೆ ಸಮ. ಒಂದು ಸರಣಿಯನ್ನು ಇನ್ನೊಂದರಿಂದ ಭಾಗಿಸುವುದು, ಅಷ್ಟೇ. ನಾವು ಇದೇ ಕೆಲಸವನ್ನು ನಮ್ಮ ಡೀಸೆಲ್ಲಿಗೂ, ಗೊಬ್ಬರಕ್ಕೂ, ಆಳಿನ ಕೂಲಿಗೂ ಮಾಡಬೇಕು. ಒಂದು ಮೂಟೆ ಮಾರಿದರೆ ಆಗ ಎಷ್ಟು ಚೀಲ ಗೊಬ್ಬರ ಬರುತ್ತಿತ್ತು, ಈಗ ಎಷ್ಟು ಬರುತ್ತದೆ? ವೈಜ್ಞಾನಿಕ ಬೆಲೆ ಅಂತ ಬಾಯಿತುಂಬ ಹೇಳುತ್ತೇವಲ್ಲ, ಅದರ ಬುನಾದಿ ಈ ಭಾಗಾಕಾರವೇ.

"ಅಂಕಿ ಇದ್ದರೆ ಬೆಲೆ ಬರುತ್ತದಾ?"

ಬರುವುದಿಲ್ಲ. ಈ ಪ್ರಶ್ನೆ ಕೇಳುವವರು ಸರಿಯಾಗೇ ಕೇಳುತ್ತಾರೆ. 2025ರ ನವೆಂಬರ್‌ನಲ್ಲಿ ಮೆಕ್ಕೆಜೋಳಕ್ಕೆ ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ 2,400 ರೂಪಾಯಿ ಅಂತ ಎಲ್ಲರಿಗೂ ಗೊತ್ತಿತ್ತು. ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಿದೆವು. ಅಂಕಿ ಗೊತ್ತಿದ್ದೂ ಬೆಲೆ ಸಿಗಲಿಲ್ಲ, ರಸ್ತೆಗೆ ಇಳಿಯಬೇಕಾಯ್ತು. ಸರಣಿ ಧಾರಣೆ ಕೊಡಿಸುವುದಿಲ್ಲ, ನಾಳಿನ ಧಾರಣೆಯನ್ನು ಹೇಳುವುದೂ ಇಲ್ಲ. ಹಾಗೆ ಹೇಳುತ್ತೇನೆ ಅಂತ ಬರುವವನನ್ನು ಊರ ಬಾಗಿಲಲ್ಲೇ ತಡೆಯಿರಿ. ಆದರೆ ರಸ್ತೆಯಿಂದ ಎದ್ದು ಮಾತುಕತೆಯ ಮೇಜಿಗೆ ಹೋದ ಮೇಲೆ ಏನು ಇಡುತ್ತೀರಿ? ಅಲ್ಲಿ ಬರೀ ಶಾಲು ಸಾಲದು, ಕಡತ ಬೇಕು.

ಇನ್ನೊಂದು ಎಚ್ಚರಿಕೆ. ಬೇರೆಯವರ ಉಗ್ರಾಣ ಬೇರೆಯವರದ್ದೇ. ಕ್ವಾಂಡಲ್ ಅಂತ ಕೆನಡಾದ ಒಂದು ಸಂಸ್ಥೆ ಇತ್ತು. ಪೈಥಾನ್ ಲೈಬ್ರರಿಯ ಮೂಲಕ ಅದರಿಂದ ಅಂಕಿ ತರಿಸಿಕೊಂಡು ಲೋಕವೆಲ್ಲ ಅಭ್ಯಾಸ ಮಾಡಿತ್ತು. ಅದರ ಪುಕ್ಕಟೆ ಷೇರು ಧಾರಣೆಯ ಸರಣಿ 2018ರ ಏಪ್ರಿಲ್‌ನಲ್ಲಿ ನಿಂತಿತು. ಅದೇ ವರ್ಷದ ಕೊನೆಗೆ ನಾಸ್ಡಾಕ್ ಕಂಪನಿ ಅದನ್ನು ಕೊಂಡುಕೊಂಡಿತು, ಆಮೇಲೆ ಹೆಸರೂ ಬದಲಾಯಿತು. ಪುಕ್ಕಟೆ ಬಂದದ್ದು ಯಾವ ದಿನವಾದರೂ ನಿಲ್ಲಬಹುದು. ತರಿಸಿದ ಅಂಕಿಯನ್ನು ತಾರೀಖು ಹಾಕಿ ನಮ್ಮ ಕಡತದಲ್ಲಿ ಉಳಿಸಿಕೊಳ್ಳಬೇಕು. ಬಿತ್ತನೆ ಬೀಜ ಮನೆಯಲ್ಲಿ ಇಟ್ಟುಕೊಂಡವನೇ ರೈತ.

ಕೊನೆಗೆ ನಮ್ಮ ರಾಗಿ, ತೊಗರಿ, ಅಡಿಕೆಯ ಮಾತು. ಅವುಗಳ ಲೆಕ್ಕ ನಮ್ಮ ಎಪಿಎಂಸಿಗಳಲ್ಲಿದೆ. ಕೇಂದ್ರದ ಆಗ್‌ಮಾರ್ಕ್‌ನೆಟ್ ಪ್ರತಿ ಮಂಡಿಯ ಕನಿಷ್ಠ, ಗರಿಷ್ಠ ಮತ್ತು ಹೆಚ್ಚು ವ್ಯಾಪಾರ ನಡೆದ ಮಾದರಿ ಧಾರಣೆ ಪ್ರಕಟಿಸುತ್ತದೆ, ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿಯೂ ಧಾರಣೆ ತೋರಿಸುತ್ತದೆ. ಕೇಂದ್ರದ ಮುಕ್ತ ದತ್ತಾಂಶ ತಾಣದಿಂದ ದಿನದ ಮಂಡಿ ಧಾರಣೆಯನ್ನು ಕೀಲಿ ಪಡೆದು ತರಿಸಿಕೊಳ್ಳಲೂ ಬಹುದು. ಹಾಗಿದ್ದ ಮೇಲೆ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ:

1. ರಾಜ್ಯದ ಪ್ರತಿ ಎಪಿಎಂಸಿಯ, ಪ್ರತಿ ಬೆಳೆಯ ಧಾರಣೆ ಮತ್ತು ಆವಕಕ್ಕೆ ಒಂದೊಂದು ಕಾಯಂ ಸರಣಿ ನಂಬರ್ ಕೊಡಬೇಕು. ಹಳೆಯ ವರ್ಷಗಳದ್ದೂ ಸೇರಿ ಒಂದೇ ಕಡೆ, ಪುಕ್ಕಟೆಯಾಗಿ ಸಿಗಬೇಕು.

2. ತಿದ್ದಿದ ಅಂಕಿಯ ಜೊತೆ ಮೊದಲು ಪ್ರಕಟವಾದ ಅಂಕಿಯನ್ನೂ ತಾರೀಖಿನೊಂದಿಗೆ ಉಳಿಸಬೇಕು. ವ್ಯಾಪಾರ ನಡೆಯದ ದಿನವನ್ನು ಖಾಲಿ ಅಂತಲೇ ತೋರಿಸಬೇಕು.

3. ಅಂಕಿ ತರಿಸುವ ಲೈಬ್ರರಿಯನ್ನೂ ಅದರ ಕನ್ನಡ ವಿವರಣೆಯನ್ನೂ ಸರ್ಕಾರವೇ ಮಾಡಿಸಿ ಬಿಡಬೇಕು.

4. ಬೆಳೆ ಸಾಲ ಕೊಡುವಾಗ ಹಿಂದಿನ ಹತ್ತು ವರ್ಷದ ಧಾರಣೆಯನ್ನು ಸಾಲದ ಪತ್ರದ ಜೊತೆ ರೈತನ ಕೈಗೆ ಕೊಡಬೇಕು.

ಬೇಡಿಕೆ ಈಡೇರುವ ತನಕ ಕೈ ಕಟ್ಟಿ ಕೂರಬೇಕೆ? ಬೇಡ. ಪ್ರತಿ ತಾಲ್ಲೂಕಿನಲ್ಲೂ ಡಿಗ್ರಿ ಮುಗಿಸಿ ಮನೆಗೆ ಬಂದ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಇಬ್ಬರಿಗೆ ತಿಂಗಳಿಗೆ ಒಂದು ದಿನ ಈ ಕೆಲಸ ವಹಿಸಿ. ಉಳಿದವರು ಮಂಡಿಯ ಚೀಟಿಯನ್ನು ಹರಿದು ಎಸೆಯದೆ ತಂದು ಅವರ ಕೈಗೆ ಕೊಡಿ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಚೀಟಿ ಚೀಟಿ ಕೂಡಿದರೆ ಚರಿತ್ರೆ. ಅದನ್ನು ನಾವು ಬರೆದಿಡದಿದ್ದರೆ ಎದುರಿನವನು ಬರೆದಿಟ್ಟದ್ದನ್ನೇ ನಂಬಬೇಕಾಗುತ್ತದೆ.